ಖಾತುನಳ ಎರಡನೇ ನರ್ಸಿಂಗ್ ಶಾಲೆ

ಸಾಂಕೋಲೆಯ ನಮ್ಮ ಚಾಳಿನ ಮಂದಿಗೆ ಒಂದು ಚಟವಿತ್ತು. ಯಾರೋ ಆಸ್ಪತ್ರೆ ಸೇರಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಮಾತಾಡಿಸಿಕೊಂಡು ಬರಲು ಎದ್ದೇ ಬಿಡುತ್ತಿದ್ದರು. ಒಬ್ಬಿಬ್ಬರಲ್ಲ, ಇಡೀ ಸಾಲು. ಬುತ್ತಿ ಕಟ್ಟಿಕೊಂಡು, ಕೂಸುಗಳನ್ನು ಬಗಲಿಗೇರಿಸಿಕೊಂಡು, ಅವತ್ತಿನ ಕೂಲಿಯನ್ನೂ ಬಿಟ್ಟು ಹೊರಡುವವರು. ವಿಜಾಪುರದ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದ ಜನ. ಊರು ಬಿಟ್ಟರೂ ಇದೊಂದನ್ನು ಬಿಟ್ಟಿರಲಿಲ್ಲ. ಹೋಗದೆ ಉಳಿದವನ ಪಾಡು ಕೇಳಬೇಡಿ. "ನಮ್ಮವ್ವ ಹಾಸಿಗಿ ಹಿಡದಾಗ ಈ ಕಡೆ ಹಣಿಕಿ ಹಾಕಲಿಲ್ಲ ಅಂವಾ" ಎಂದು ಮೊಮ್ಮಕ್ಕಳ ಮದುವೆಯಲ್ಲೂ ಎತ್ತಿ ಆಡುತ್ತಿದ್ದರು.

ನಾನು ಅಲ್ಲಿನ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಚಾಳಿನವರಿಗೆಲ್ಲ ನಾನು ಅಕ್ಕೋರು. ನಳಕ್ಕೆ ನೀರು ಬರದ ದಿನವೂ ಅಕ್ಕೋರ ಬೈಗುಳ ಬರುತ್ತದೆ ಎಂದು ನನ್ನ ಬೆನ್ನ ಹಿಂದೆ ನಗುತ್ತಿದ್ದುದು ನನಗೆ ಗೊತ್ತಿತ್ತು. ನಗಲಿ. ಬೈಯುವವರು ಇಲ್ಲದಿದ್ದರೆ ಆ ಮಂದಿ ನೆಟ್ಟಗಾಗುವ ಪೈಕಿ ಅಲ್ಲ.

ಆ ಚಾಳಿನಿಂದ ಮೊದಲು ನರ್ಸಿಂಗ್ ಕಲಿಯಲು ಹೋದ ಹುಡುಗಿ ಖಾತುನ, ನನ್ನ ಶಿಷ್ಯೆ. ಅಪ್ಪ ಗೂಡುಸಾಬ ಲಾರಿಯ ಮೇಲೆ ಹಮಾಲಿ ಮಾಡುತ್ತಿದ್ದ, ತಾಯಿ ಲಾಡಬಿ ಮನೆಮನೆಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದಳು. ಹುಡುಗಿಯ ಮಾತು ಕಡಿಮೆ, ಕೈ ಚುರುಕು. ಶಾಲೆಯಲ್ಲಿ ಯಾರಾದರೂ ಬಿದ್ದು ಮೊಣಕಾಲು ತರಚಿಕೊಂಡರೆ ಮೊದಲು ಓಡುವವಳು ಇವಳೇ. ಹತ್ತನೆಯದು ಪಾಸಾದ ದಿನ, "ಮುಂದ ಏನ್ ಆಗ್ತೀ?" ಎಂದು ಕೇಳಿದೆ. ನೆಲ ನೋಡುತ್ತ, "ನರ್ಸ್ ಆಗ್ತೇನ್ರಿ ಅಕ್ಕೋರ" ಎಂದಳು. ಅದೊಂದನ್ನು ಬಿಟ್ಟು ಅವಳು ಯಾರ ಹತ್ತಿರವೂ ಏನನ್ನೂ ಬೇಡಿದ್ದು ನನಗೆ ಗೊತ್ತಿಲ್ಲ.

ಎಂಬತ್ತಾರರಲ್ಲಿ ಮಡಗಾಂವದ ಒಂದು ಖಾಸಗಿ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸೇರಿದಳು. ಅವಳು ಬಿಳಿ ಉಡುಪು ತೊಟ್ಟದ್ದೇ ತಡ, ಚಾಳಿಗೆ ಚಾಳೇ ತಮಗೆ ಸ್ವಂತ ಡಾಕ್ಟರು ಸಿಕ್ಕಂತೆ ಕುಣಿಯಿತು. ನೆಗಡಿಯಾದರೂ ಮಡಗಾಂವದ ಬಸ್ಸು. ಹೊರಗೆ ಪಾಳಿಯಲ್ಲಿ ಕೂಡುವ ಮಾತೇ ಇಲ್ಲ. ಸೀದಾ ವಾರ್ಡಿಗೆ ನುಗ್ಗಿ, "ನಮ್ಮ ಖಾತುನ ಎಲ್ಲದಾಳ್ರಿ?" ಎಂದು ಕೂಗುವುದು. ಮೇಟ್ರನ್ ಬಾಯಿ ಖಾತುನಳನ್ನು ಕರೆದು ಎಚ್ಚರಿಕೆ ಕೊಟ್ಟರು. ಅವಳು ರಜೆಗೆ ಬಂದಾಗ ಚಾಳಿನಲ್ಲಿ ಹೇಳಿದಳು. ಹೇಳಿದ್ದಾದರೂ ಹೇಗೆ? "ಹಂಗ ಬರಬ್ಯಾಡ್ರಿ ಕಾಕಾ" ಎಂದು ಇವರಿಗೂ ಕೇಳಬಾರದು, ಅವರಿಗೂ ಕೇಳಬಾರದು ಎನ್ನುವ ಹಾಗೆ. ಯಾರು ಕೇಳುತ್ತಾರೆ?

ವರ್ಷ ಮುಗಿಯುತ್ತ ಬಂದಾಗ ನಮ್ಮ ಚಾಳಿನ ಗೌಂಡಿ ಹಣಮಪ್ಪನಿಗೆ ಅಪೆಂಡಿಕ್ಸ್ ಆಯಿತು. ಅದೇ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೊಲಿಗೆ ಹಾಕಿದರು. ಗಂಡಸರ ವಾರ್ಡಾದ್ದರಿಂದ ಹೆಂಡತಿ ಚಂದವ್ವನನ್ನು ಮನೆಗೆ ಕಳಿಸಿದ್ದರು. ಮರುದಿನ ಬೆಳಗ್ಗೆ ಚಾಳಿನವರು ಟೆಂಪೋ ಮಾಡಿಕೊಂಡು ಮಾತಾಡಿಸಲು ಹೊರಟರು. ಸಂಜೆಯ ತನಕ ಯಾರನ್ನೂ ಬಿಡುವುದಿಲ್ಲ ಎಂದ ವಾಚ್‌ಮನ್. ಸರಿ ಎಂದು ತಿರುಗಿ ಬರುವ ಜನವೇ ಇದು? ಕಟ್ಟಡ ಸುತ್ತಿ ಹಿಂದಿನ ಬಾಗಿಲಿಗೆ ಹೋದರು, ಕಿಟಕಿಯಲ್ಲಿ ಖಾತುನಳನ್ನು ಕರೆದರು. ಚಂದವ್ವ ಎಲ್ಲರಿಗಿಂತ ಮುಂದೆ ನಿಂತು ಅಳುತ್ತಿದ್ದಳು. ಖಾತುನ ಬಾಗಿಲು ತೆಗೆದಳು.

ಒಳಗೆ ಹೋದವರು ಮಾತಾಡಿಸಿ ಸುಮ್ಮನೆ ಬಂದರೇ? "ಊಟಾ ಇಲ್ದ ಕೆಡವ್ಯಾರಲ್ಲ ನಿಮ್ಮನ್ನ, ಹೊಟ್ಟಿ ಬೆನ್ನಿಗಿ ಹತ್ತೇತಿ" ಎಂದು ಚಂದವ್ವ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಎಣಗಾಯಿ ಪಲ್ಯ ಗಂಡನ ಬಾಯಿಗೆ ಇಟ್ಟಳು. ಅವನೂ ತಿಂದ! ಖಾತುನ ಆ ಹೊತ್ತಿಗೆ ವಾರ್ಡಿನ ಇನ್ನೊಂದು ತುದಿಯಲ್ಲಿದ್ದಳು, ನೋಡಲಿಲ್ಲ. ಮಧ್ಯಾಹ್ನ ಹಣಮಪ್ಪನ ಹೊಟ್ಟೆ ಉಬ್ಬಿತು, ವಾಂತಿಯಾಯಿತು, ಹೊಲಿಗೆ ಬಿಚ್ಚಿಕೊಂಡಿತು. ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರು. ಅವನೇನೋ ಬದುಕಿದ, ಇವತ್ತಿಗೂ ಕಲ್ಲು ಕಟ್ಟುತ್ತಾನೆ. ಆದರೆ ಹಿಂದಿನ ಬಾಗಿಲು ತೆಗೆದವರು ಯಾರು ಎಂದು ಮೇಟ್ರನ್ ಕೇಳಿದಾಗ ಖಾತುನ "ನಾನ್ರಿ" ಎಂದಳು. ಅವಳನ್ನು ಶಾಲೆಯಿಂದ ತೆಗೆದುಹಾಕಿದರು. ಪೆಟ್ಟಿಗೆ ಹಿಡಿದುಕೊಂಡು ಚಾಳಿಗೆ ಬಂದಳು.

ಆಗ ನಮ್ಮ ಮಂದಿ ಏನು ಮಾಡಿತು ಗೊತ್ತೇ? ಖಾತುನಳನ್ನು ಮಾತಾಡಿಸಲು ಬಂತು! ಒಬ್ಬಳು ಚಹಾ ತಂದಳು, ಇನ್ನೊಬ್ಬಳು ಮಾದಲಿ ತಂದಳು. ಬಾಗಿಲ ತುಂಬ ಚಪ್ಪಲಿ. ನನ್ನ ಪಿತ್ತ ನೆತ್ತಿಗೇರಿತು.

"ನಿಮ್ಮ ಮಾತಾಡ್ಸೂದಕ್ಕ ಬೆಂಕಿ ಹತ್ತಲಿ! ಹುಡುಗಿ ಬದುಕ ನುಂಗಿ ನೀರ ಕುಡದ್ರಿ, ಈಗ ಮಾದಲಿ ತಿನಸಾಕ ಬಂದೀರೇನು? ಏಳ್ರಿ, ಹೊರಗ ನಡೀರಿ!"

ಚಂದವ್ವ ಮಾತ್ರ ಕದಲಲಿಲ್ಲ. ಗೋಡೆಗೆ ಹಣೆ ಹಚ್ಚಿ, "ನನ್ನಿಂದ ಆತಲ್ರಿ ಅಕ್ಕೋರ, ಎಲ್ಲಾ ನನ್ನಿಂದ ಆತು" ಎಂದು ಅಳುತ್ತಿದ್ದಳು. ಖಾತುನ ಎದ್ದು ಹೋಗಿ ಅವಳ ಕಣ್ಣೊರೆಸಿದಳು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಮುಂದೆ ಎಲ್ಲಿ ವಿಚಾರಿಸಿದರೂ, ತೆಗೆದುಹಾಕಿದ ಹುಡುಗಿ ಎಂದ ಕೂಡಲೇ ಬಾಗಿಲು ಹಾಕುತ್ತಿದ್ದರು. ಖಾತುನ ತಾಯಿಯ ಜೊತೆ ಪಾತ್ರೆ ತಿಕ್ಕಲು ಹೋಗತೊಡಗಿದಳು. ಕಡೆಗೆ ಪೊಂಡಾ ಕಡೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಆಸ್ಪತ್ರೆಯ ನರ್ಸಿಂಗ್ ಶಾಲೆ ಇದೆಯೆಂದು ತಿಳಿಯಿತು. ಅಲ್ಲಿನ ಮುಖ್ಯಸ್ಥೆ ಸಿಸ್ಟರ್ ಬೆನೆಡಿಕ್ಟಾ ಮಂಗಳೂರಿನವರಂತೆ, ಕನ್ನಡ ಬಲ್ಲವರಂತೆ. ಖಾತುನ, ಗೂಡುಸಾಬ, ನಾನು ಮೂವರೂ ಬಸ್ಸು ಹತ್ತಿದೆವು.

"ಜಡ್ಡ ಆಗಿತ್ತು, ಅದಕ್ಕ ಬಿಟ್ಳು ಅಂತ ಹೇಳೂಣೇನ್ರಿ ಅಕ್ಕೋರ?" ಎಂದು ದಾರಿಯುದ್ದಕ್ಕೂ ಗೂಡುಸಾಬ ಕೇಳಿದ. ಖಾತುನ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಸಿಸ್ಟರ್ ಬೆನೆಡಿಕ್ಟಾ ಕುಳ್ಳಗಿನ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. "ಮೊದಲಿನ ಶಾಲೆ ಬಿಟ್ಟದ್ದು ಯಾಕೆ?" ಎಂದರು.

"ಬಿಟ್ಟಿಲ್ರಿ. ತಗದ ಹಾಕ್ಯಾರ" ಎಂದಳು ಖಾತುನ.

ಗೂಡುಸಾಬ ಕಣ್ಣು ಮುಚ್ಚಿಕೊಂಡ. ಖಾತುನ ಎಲ್ಲವನ್ನೂ ಹೇಳಿದಳು. ಟೆಂಪೋ, ಬಾಗಿಲು, ರೊಟ್ಟಿ, ಬಿಚ್ಚಿದ ಹೊಲಿಗೆ, ಒಂದನ್ನೂ ಬಿಡಲಿಲ್ಲ. ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬಾಗಿಲು ತೆಗೆದದ್ದು ಯಾಕೆ ಮಾರಾಯ್ತಿ?"

"ಚಂದವ್ವ ಅಳಾಕತ್ತಿದ್ಳರಿ. ಹೊರಗ ನಿಂದ್ರಸಾಕ ನನಗ ಬಾಯಿ ಬರಲಿಲ್ಲ."

"ಇನ್ನು ಮುಂದೆ ಬರುತ್ತದಾ?"

"ಕಲಿತೇನ್ರಿ" ಎಂದಳು.

ಸಿಸ್ಟರಿಗೆ ಆ ಉತ್ತರ ಹಿಡಿಸಿತು. ಆದರೆ ಗೂಡುಸಾಬನ ಕಡೆಗೆ ತಿರುಗಿ ಬೆರಳು ಎತ್ತಿದರು. "ಮೊದಲನೇ ವರ್ಷದಿಂದಲೇ ಪುನಃ ಶುರು ಮಾಡಬೇಕು. ಮತ್ತೆ, ಇವಳ ಹೆಸರು ಹೇಳಿಕೊಂಡು ನಿಮ್ಮ ಕಡೆಯವರು ಒಬ್ಬರೂ ನನ್ನ ವಾರ್ಡಿಗೆ ಕಾಲಿಡಬಾರದು. ಇಟ್ಟರೆ ಅವತ್ತೇ ಇವಳು ಮನೆಗೆ. ಆಯ್ತಾ?"

"ಒಬ್ಬರೂ ಬರೂದಿಲ್ರಿ ಅಮ್ಮಾ. ಅಲ್ಲಾನ ಆಣಿ" ಎಂದ ಗೂಡುಸಾಬ.

ಅವತ್ತು ಸಂಜೆ ನಳದ ಹತ್ತಿರ ಇಡೀ ಚಾಳನ್ನು ನಿಲ್ಲಿಸಿ ನಾನು ಕೊಟ್ಟ ಭಾಷಣ ಇರಲಿ ಬಿಡಿ. ಅದು ಬೇಕೇ ಇರಲಿಲ್ಲ. ಆ ಮಂದಿ ಆ ಶರತ್ತನ್ನು ಪಾಲಿಸಿದ ರೀತಿ ನೋಡಿ ನಾನೇ ಬೆರಗಾದೆ. ಆ ಆಸ್ಪತ್ರೆಯ ಮುಂದೆ ಹಾಯುವ ಬಸ್ಸು ಹತ್ತುವುದನ್ನೇ ಬಿಟ್ಟರು. ಒಂದು ಸಲ ಪೊಂಡಾದ ಸಂತೆಯಲ್ಲಿ ಖಾತುನ ಗೆಳತಿಯರ ಜೊತೆ ಎದುರಿಗೇ ಬಂದಳಂತೆ. ನಮ್ಮ ಚಂದವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಾಳೆಗೊನೆಗಳ ಹಿಂದೆ ಕುಕ್ಕರಿಸಿ ಕುಳಿತಳು. ಕಳ್ಳಿ ಎಂದು ತಿಳಿದು ಅಂಗಡಿಯವಳು ಕೊಂಕಣಿಯಲ್ಲಿ ಬೈದಳಂತೆ. ಬೈಸಿಕೊಂಡು ಬಂದದ್ದನ್ನು ಚಂದವ್ವ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಳು. "ಬಾಯಿ ಬಿಡಲಿಲ್ಲ ನೋಡ್ರಿ ನಾ!"

ಖಾತುನ ಅಲ್ಲಿ ಅರಳಿದಳು. ತನಗಿಂತ ಚಿಕ್ಕ ಹುಡುಗಿಯರ ಜೊತೆ ಕುಳಿತು ಓದುವುದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಈದಿಗೆ ಮನೆಗೆ ಬಂದಾಗ ಮೈ ತುಂಬಿಕೊಂಡಿದ್ದಳು, ನಗುತ್ತಿದ್ದಳು, ಜೋರಾಗಿ ಮಾತಾಡುವುದನ್ನೂ ಕಲಿತಿದ್ದಳು. ಹೊತ್ತಲ್ಲದ ಹೊತ್ತಿಗೆ ಬಂದವರನ್ನು ಗೇಟಿನಿಂದ ಹೇಗೆ ವಾಪಸು ಕಳಿಸುತ್ತೇನೆಂದು ನನಗೆ ಮಾಡಿ ತೋರಿಸಿದಳು. ನನ್ನ ಹಾಗೆಯೇ ಬೈಯುತ್ತಿದ್ದಳು! ನನಗಾದ ಖುಷಿ ಅಷ್ಟಿಷ್ಟಲ್ಲ.

ಮೂರನೆಯ ವರ್ಷ, ಕೊನೆಯ ಪರೀಕ್ಷೆ ಹತ್ತಿರ ಬಂದಿತ್ತು. ಗೂಡುಸಾಬನ ಲಾರಿ ಪೊಂಡಾ ಹತ್ತಿರ ಮಡ್ಕಯಿಯ ಒಂದು ಕಾರ್ಖಾನೆಗೆ ಕಬ್ಬಿಣ ಒಯ್ದಿತ್ತು. ಇಳಿಸುವಾಗ ಒಂದು ಕಟ್ಟು ಜಾರಿ ಅವನ ಕಾಲ ಮೇಲೆ ಬಿತ್ತು. ಡ್ರೈವರ ರಸೂಲಸಾಬ ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದ. ಹತ್ತಿರದ್ದೆಂದರೆ ಖಾತುನ ಕಲಿಯುತ್ತಿದ್ದ ಆಸ್ಪತ್ರೆಯೇ. ಕಾಲು ಮುರಿದವನು, "ಅಲ್ಲಿ ಬ್ಯಾಡೋ, ಬ್ಯಾರೆ ಕಡೆ ನಡಿಯೋ" ಎಂದು ದಾರಿಯುದ್ದಕ್ಕೂ ಕೂಗಾಡಿದನಂತೆ.

ರಸೂಲಸಾಬ ಚಾಳಿಗೆ ಬಂದು ಸುದ್ದಿ ಹೇಳಿದ. "ಕೈ ಮುಗದು ಹೇಳ್ಯಾನ್ರಿ ಗೂಡುಸಾಬ. ಯಾರೂ ಬರಬ್ಯಾಡ್ರಿ, ಆಕಿ ನನ್ನ ಮಗಳ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂತ."

ಯಾರೂ ಹೋಗಲಿಲ್ಲ. ಯಾವನ ಮನೆಯಲ್ಲಿ ಜ್ವರ ಬಂದರೂ ಬುತ್ತಿ ಕಟ್ಟುವ ಜನ, ಎರಡು ಮೂರು ದಿನ ಬಾಗಿಲಲ್ಲಿ ಕುಳಿತು ಒಬ್ಬರ ಮುಖ ಒಬ್ಬರು ನೋಡಿದರು. ಲಾಡಬಿ ಒಲೆಯ ಮುಂದೆ ಕುಳಿತು ಅಳುತ್ತಿದ್ದಳು. "ಗಂಡ ಆಸ್ಪತ್ರ್ಯಾಗ ಬಿದ್ದಾನ, ಹೋಗಿ ನೋಡಬಾರದೇನ ನೀ?" ಎಂದು ನಾನು ರೇಗಿದೆ. "ನಾ ಹೋದ್ರ ಹುಡುಗಿಗಿ ಮತ್ತ ಮನಿಗಿ ಕಳಸ್ತಾರ್ರಿ ಅಕ್ಕೋರ. ಇಷ್ಟ ದಿನಾ ಕಲತದ್ದು ನೀರಪಾಲ ಆಗತೈತಿ" ಎಂದಳು. ಬೈಯುವುದನ್ನು ಬಿಟ್ಟು ಅವಳ ಪಕ್ಕದಲ್ಲಿ ಕುಳಿತೆ. ನಾನು ಹಾಗೆ ಮಾಡುವುದು ಅಪರೂಪ.

ಮರುದಿನ ನಾನೊಬ್ಬಳೇ ಹೋದೆ. ನಾಲ್ಕರ ಗಂಟೆ ಬಾರಿಸುವವರೆಗೆ ಗೇಟಿನ ಹೊರಗೆ ನಿಂತು, ಆಮೇಲೆ ಜನರ ಜೊತೆ ಒಳಗೆ ನಡೆದೆ. ವಾರ್ಡಿನ ಬಾಗಿಲಲ್ಲೇ ನನ್ನ ಕಾಲು ನಿಂತಿತು. ಒಂದೊಂದು ಮಂಚದ ಸುತ್ತ ಮಕ್ಕಳು, ಮರಿ, ಹಣ್ಣು, ಫ್ಲಾಸ್ಕು. ಗೂಡುಸಾಬನ ಮಂಚದ ಹತ್ತಿರ ಯಾರೂ ಇಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ಬಿಳಿ ಟೊಪ್ಪಿಗೆಯ ಖಾತುನ ಅವನ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು.

"ಉಪಕಾರಾತ್ರಿ ಸಿಸ್ಟರ್" ಎಂದ ಗೂಡುಸಾಬ, ಎಲ್ಲರಿಗೂ ಕೇಳುವ ಹಾಗೆ.

ಹೆತ್ತ ಮಗಳಿಗೆ! ಖಾತುನ ಮುಖ ಎತ್ತದೆ ಹಾಸಿಗೆಯ ಅಂಚು ಸರಿ ಮಾಡುತ್ತಿದ್ದಳು. ಸರಿಯಾಗಿದ್ದ ಅಂಚನ್ನೇ ಮತ್ತೆ ಸರಿ ಮಾಡುತ್ತಿದ್ದಳು.

ಅಷ್ಟರಲ್ಲಿ ಸಿಸ್ಟರ್ ಬೆನೆಡಿಕ್ಟಾ ಸುತ್ತು ಹಾಕುತ್ತ ಬಂದರು. ಆ ಮಂಚದ ಬಳಿ ನಿಂತು, "ಇವರನ್ನು ನೋಡಲಿಕ್ಕೆ ಇವತ್ತೂ ಯಾರೂ ಬರಲಿಲ್ಲವಾ? ಮನೆಯವರು ಎಲ್ಲಿದ್ದಾರೆ ಮಾರಾಯ್ರೆ ನಿಮ್ಮವರು?" ಎಂದರು.

"ನನಗ ಯಾರೂ ಇಲ್ರಿ ಅಮ್ಮಾ" ಎಂದ ಗೂಡುಸಾಬ. ಗೋಡೆಯ ಕಡೆ ಮುಖ ಮಾಡಿದ.

ಖಾತುನ ನೀರಿನ ಜಗ್ಗನ್ನು ಕೆಳಗಿಟ್ಟಳು. "ಅದಾರ್ರಿ" ಎಂದಳು. "ಇವರು ನಮ್ಮ ಬಾಬಾರಿ, ಸಿಸ್ಟರ್. ನಾ ಇವರ ಮಗಳು."

"ಇಲ್ರಿ! ಹುಡುಗಿ ತಪ್ಪ ತಿಳದಾಳ್ರಿ! ಆಕಿ ಯಾರೋ ನಾ ಯಾರೋ!" ಗೂಡುಸಾಬ ಮುರಿದ ಕಾಲಿನಲ್ಲೇ ಎದ್ದು ಕೂಡಲು ನೋಡಿದ. ಖಾತುನ ಅವನ ಎದೆಗೆ ಕೈ ಒತ್ತಿ ಮಲಗಿಸಿದಳು. ಕಣ್ಣಲ್ಲಿ ಧಾರಾಕಾರ ನೀರು, ದನಿ ಮಾತ್ರ ಗಟ್ಟಿಯಾಗಿತ್ತು.

"ನೀವು ಶರತ್ತ ಹಾಕಿದ್ರಿ, ಸಿಸ್ಟರ್. ನನ್ನ ಮನಿಗಿ ಕಳಸ್ರಿ ಬೇಕಾರ. ನಮ್ಮ ಬಾಬಾನ ಬಾಯಿಂದ ನನಗ ಯಾರೂ ಇಲ್ಲ ಅನಿಸಿ ನಾ ನರ್ಸ್ ಆಗೂದಿಲ್ರಿ."

ಬಾಗಿಲಲ್ಲಿದ್ದ ನನಗೆ ಓಡಿಹೋಗಿ ಸಿಸ್ಟರ ಕಾಲು ಹಿಡಿಯಬೇಕೆನಿಸಿತು, ಬೈಯಬೇಕೆಂದೂ ಅನಿಸಿತು. ಸಿಸ್ಟರ್ ಬಗ್ಗಿ ಗೂಡುಸಾಬನ ಮುಖವನ್ನು ಕನ್ನಡಕದ ಮೇಲಿನಿಂದ ನೋಡಿದರು.

"ಗಡ್ಡ ಬೆಳ್ಳಗಾದದ್ದು. ಅದಕ್ಕೇ ಗುರುತು ಸಿಗಲಿಲ್ಲ ನನಗೆ" ಎಂದರು. ಆಮೇಲೆ ಸಿಟ್ಟಾದರು ನೋಡಿ, ನನ್ನನ್ನೂ ಮೀರಿಸುವ ಹಾಗೆ! "ಇವಳ ಹೆಸರು ಹೇಳಿಕೊಂಡು ನುಗ್ಗಬೇಡಿ ಅಂದದ್ದು ನಾನು. ಹೆಂಡತಿ ಬರಬಾರದು, ಊರವರು ಬರಬಾರದು, ಇವಳಿಗೆ ಅಪ್ಪ ಇರಬಾರದು ಅಂತ ಹೇಳಿದ್ದುಂಟಾ? ನೋವು ನುಂಗಿಕೊಂಡು ಯಾರೂ ಇಲ್ಲ ಅಂತ ಮಲಗುವುದಾ? ಎಂಥ ಜನ ಮಾರಾಯ್ರೆ ನೀವು!"

ಖಾತುನಳ ಕಡೆ ತಿರುಗಿದರು. "ನಾಳೆಯಿಂದ ನಿನಗೆ ಹೆಂಗಸರ ವಾರ್ಡು. ನಮ್ಮವರ ಡ್ಯೂಟಿ ನಾವೇ ಮಾಡಬಾರದು. ಈಗ ನೋಡಲು ಬರುವವರ ಹೊತ್ತು, ಗಂಟೆ ಬಾರಿಸುವವರೆಗೆ ನೀನು ನರ್ಸ್ ಅಲ್ಲ. ಆ ಸ್ಟೂಲು ತಕ್ಕೊಂಡು ಕೂತುಕೋ." ಹೇಳಿ ಮುಂದಿನ ಮಂಚಕ್ಕೆ ನಡೆದರು.

ಅವಳು ಆ ವರ್ಷ ಪಾಸಾದದ್ದು, ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತದ್ದು, ತೊಂಬತ್ತೈದರಲ್ಲಿ ಮದುವೆಯಾದದ್ದು, ಎಲ್ಲವೂ ಸಂತೋಷದ ಸುದ್ದಿಗಳೇ. ಆದರೆ ಖಾತುನ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಆ ಸಂಜೆಯೇ. ಸ್ಟೂಲು ಎಳೆದುಕೊಂಡು ಅವಳು ಅಪ್ಪನ ಹತ್ತಿರ ಕುಳಿತಳು. ಗೂಡುಸಾಬ ಸುತ್ತ ನೋಡಿದ, ಸಿಸ್ಟರ್ ಹೋದ ಕಡೆ ನೋಡಿದ. ಆಮೇಲೆ ಅವಳ ಕೈ ಹಿಡಿದುಕೊಂಡು, ಅಷ್ಟು ದಿನ ಕೇಳಲಾಗದೆ ಉಳಿದದ್ದನ್ನು ಕೇಳಿದ.

"ಉಂಡೀ ಏನವ್ವಾ?"