ಅಜ್ಜನನ್ನು ಔಟಾಗದಂತೆ ಕಾಯ್ದ ಮಧ್ಯಾಹ್ನ

ನನ್ನ ಮಗಳ ಫೋನಿನಲ್ಲಿರುವ ಕ್ರಿಕೆಟ್ ಆಟದಲ್ಲಿ ಬ್ಯಾಟ್ಸ್‌ಮನ್ನಿನ ಕುತ್ತಿಗೆಯ ಮೇಲಿನ ಬೆವರು ಕೂಡ ಕಾಣುತ್ತದೆ. ಅದನ್ನು ತೋರಿಸಲು ಅವಳು ಬಂದಾಗಲೆಲ್ಲ ನಾನು ಮುಖ ಸಿಂಡರಿಸುತ್ತೇನೆ. ನಾವು ಆಡುತ್ತಿದ್ದ ಆಟದಲ್ಲಿ ಎಲ್ಲ ಆಟಗಾರರಿಗೂ ಒಂದೇ ಮುಖ, ಪ್ರೇಕ್ಷಕರೆಂದರೆ ಗೋಡೆಗೆ ಬಳಿದ ಬಣ್ಣ. ಆದರೂ ನನಗೆ ಅದೇ ಚೆಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ಅಂದುಕೊಳ್ಳಿ.

ಆ ಆಟ ಇದ್ದದ್ದು ಕುರುಗೋಡಿನಲ್ಲಿ, ನನ್ನ ತಾಯಿಯ ತವರಿನಲ್ಲಿ. ನಾವು ಸಿರುಗುಪ್ಪದವರು. ಬೇಸಿಗೆ ರಜೆ ಬಿಟ್ಟರೆ ಸಾಕು, ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದೆ. ಮಾವ ಮದುವೆ ಕಾರ್ಡು, ಕರಪತ್ರ ತಯಾರಿಸಲೆಂದು ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದರು. ಅವರಿಗೆ ಕೆಲಸವಿಲ್ಲದ ಹೊತ್ತೆಲ್ಲ ಅದು ನನ್ನದು ಮತ್ತು ಅವರ ಮಗನದು. ನಮ್ಮ ಕಡೆಯ ಬಿಸಿಲಿಗೆ ಅದು ಕಾದು ಕಾದು ನಿಂತೇ ಬಿಡುತ್ತಿತ್ತು. ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಮನೆಗಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ನಾವು ಬೆವರುತ್ತ ಕೂಡುತ್ತಿದ್ದೆವು. ಬಾಣಂತಿಗೂ ಈ ಮನೆಯಲ್ಲಿ ಇಷ್ಟು ಆರೈಕೆ ನಡೆದಿಲ್ಲ ಎಂದು ಅಜ್ಜಿ ಗೊಣಗುತ್ತಿದ್ದಳು.

ಆ ಆಟದಲ್ಲಿ ನಿಜವಾದ ಆಟಗಾರರ ಹೆಸರಿರಲಿಲ್ಲ. ಒಂದೊಂದು ಅಕ್ಷರ ತಿರುಚಿ ಕಳ್ಳ ಹೆಸರು ಇಟ್ಟಿದ್ದರು; ಬೇಕಾದರೆ ಅಳಿಸಿ ನಮಗೆ ಬೇಕಾದ್ದನ್ನು ಬರೆಯಬಹುದಿತ್ತು. ಗೊತ್ತಿಲ್ಲದವರಿಗಾಗಿ ಯಾಕೆ ಜೀವ ತೇಯಬೇಕು ಎಂದು ನಾವು ನಮ್ಮ ಮನೆಯವರನ್ನೇ ಮೈದಾನಕ್ಕಿಳಿಸಿದೆವು. ಅಜ್ಜ ಓಪನರ್. ಮಾವ, ಚಿಕ್ಕಮಾವ, ಅತ್ತೆ, ನನ್ನ ಅವ್ವ, ಅಪ್ಪ ಎಲ್ಲರೂ ಸೇರಿದರು. ಸಂಖ್ಯೆ ಸಾಲದೆ ಅಜ್ಜನ ಎತ್ತನ್ನೂ ಹಾಕಿಕೊಂಡೆವು. ಮನೆಯಲ್ಲಿ ಕಣ್ಣು ತಪ್ಪಿಸಿ ಏನೂ ದಾಟಲು ಬಿಡದ ಅಜ್ಜಿ ವಿಕೆಟ್ ಕೀಪರ್. ಆದರೆ ಬ್ಯಾಟಿಂಗಿಗೆ ಎತ್ತಿನ ನಂತರ ಬರುವವಳು. ಇದು ಅಜ್ಜಿಗೆ ಗೊತ್ತಿರಲಿಲ್ಲ.

ಅಜ್ಜನಿಗೆ ಕ್ರಿಕೆಟ್ಟಿನ ತಲೆಬುಡ ತಿಳಿಯದು. ಸಂಜೆ ಗದ್ದೆಗೆ ನೀರು ಕಟ್ಟಿ ಬಂದು ಕಾಲು ತೊಳೆದುಕೊಳ್ಳುತ್ತ, ಇವತ್ತು ತಾನೆಷ್ಟು ಹೊಡೆದೆ ಎಂದು ವಿಚಾರಿಸುತ್ತಿದ್ದ. ಸೊನ್ನೆ ಅಂದರೆ, ಮೈಯಲ್ಲಿ ಹುಷಾರಿರಲಿಲ್ಲ ಬಿಡು ಎನ್ನುತ್ತಿದ್ದ, ತನ್ನನ್ನು ತಾನು ಬಿಟ್ಟುಕೊಡುತ್ತಿರಲಿಲ್ಲ. ಆ ಗತ್ತು ನೆನೆದರೆ ಈಗಲೂ ನಗು ಬರುತ್ತದೆ.

ಅಜ್ಜಿ ಬೇರೆಯದೇ ಜೀವ. ಅವಳ ಮನೆಯಲ್ಲಿ ಅಕ್ಕಿ ತೀರುತ್ತಿರಲಿಲ್ಲ, ‘ಹೆಚ್ಚು’ತ್ತಿತ್ತು. ದೀಪವನ್ನು ಆರಿಸುವಂತಿಲ್ಲ, ‘ದೊಡ್ಡದು’ ಮಾಡಬೇಕು. ಹೊಸಿಲು ದಾಟುವವರು ಬಾಯಿ ತಪ್ಪಿ ಹೋಗ್ತೀನಿ ಅಂದರೆ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, ಬರ್ತೀನಿ ಅನ್ನಿಸಿಯೇ ಕಳಿಸುತ್ತಿದ್ದಳು. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು, ಕಣ್ಣಲ್ಲಿ ನೋಡಲೂ ಬಾರದು ಎನ್ನುವುದು ಅವಳ ಕಾಯಿದೆ.

ಒಂದು ಬೇಸಿಗೆಯಲ್ಲಿ ಅಜ್ಜನಿಗೆ ಹೊಟ್ಟೆನೋವು ಜೋರಾಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕೊಯ್ದೇ ನೋಡಬೇಕು ಅಂದರು. ವಯಸ್ಸಾಗಿದೆ, ಏನೂ ಹೇಳಲಾಗದು ಅಂದರಂತೆ. ದೊಡ್ಡವರು ಇದನ್ನು ಪಿಸುಮಾತಿನಲ್ಲಿ ಆಡಿಕೊಂಡರು, ಪಿಸುಮಾತಾದ್ದರಿಂದಲೇ ನಮಗೆ ಚೆನ್ನಾಗಿ ಕೇಳಿಸಿತು. ಮಾವ ಮತ್ತು ಅವ್ವ ಅಜ್ಜನ ಜೊತೆ ಹೋದರು. ಆಪರೇಷನ್ ದಿನ ಕುರುಗೋಡಿನ ಮನೆಯಲ್ಲಿ ಉಳಿದದ್ದು ಅಜ್ಜಿ, ಅತ್ತೆ, ನಾವಿಬ್ಬರು. ನನಗೆ ಅಂಜಿಕೆಯಾಗಿತ್ತು. ಅಂಜಿಕೆ ಮರೆಯಲು ನಮಗೆ ಗೊತ್ತಿದ್ದದ್ದು ಒಂದೇ ದಾರಿ, ಟೆಸ್ಟ್ ಮ್ಯಾಚ್ ಶುರು ಮಾಡಿದೆವು.

ಫೋನಿನ ಹತ್ತಿರ ಶತಪಥ ತಿರುಗುತ್ತಿದ್ದ ಅಜ್ಜಿ ಒಮ್ಮೆ ನಮ್ಮ ಹಿಂದೆ ಬಂದು ನಿಂತಳು. ಅದೇ ಹೊತ್ತಿಗೆ ಚಿಕ್ಕಮಾವ ಔಟಾದರು. ಆ ಆಟದಲ್ಲಿ ಔಟಾದವನು ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ, ಒಬ್ಬನೇ ಮೈದಾನ ದಾಟಿ ನಡೆದುಹೋಗುವುದನ್ನು ಕೊನೆಯವರೆಗೂ ತೋರಿಸುತ್ತಿದ್ದರು. ಅಜ್ಜಿ ಅದನ್ನು ಹಿಂದೆಂದೂ ನೋಡಿರಲಿಲ್ಲ. ಯಾರದು, ಎಲ್ಲಿಗೆ ಹೊರಟರು ಎಂದು ಕೇಳಿದಳು. ಹೇಳಿದೆವು. ನಿಮ್ಮಜ್ಜನೂ ಈಗ ಇದರಲ್ಲಿ ಇದ್ದಾರಾ ಅಂದಳು. ಮೊದಲಿನಿಂದಲೂ ನಿಂತಿದ್ದಾನೆ, ಅಗೋ ಎಂದು ಬೆರಳು ತೋರಿಸಿದೆ.

ಅಜ್ಜಿಯ ಮುಖ ಬಿಳಿಚಿಕೊಂಡಿತು. “ಬಳ್ಳಾರಿಂದ ಫೋನ್ ಬರೂತನ ಅವರನ್ನ ಅಲ್ಲೇ ನಿಂದ್ರಸ್ರಿ. ಹಂಗ ಒಬ್ರನ್ನೇ ಕಳಸಬ್ಯಾಡ್ರಿ” ಅಂದಳು.

ಆಟವನ್ನೇ ನಿಲ್ಲಿಸಿಬಿಡಬಹುದಿತ್ತು ಎಂದು ನೀವು ಅನ್ನಬಹುದು. ಮಾವನ ಮಗ ಅದನ್ನೇ ಅಂದ. ಅಜ್ಜಿ ಗದರಿದಳು: ಅರ್ಧಕ್ಕೆ ನಿಂತ ಕೆಲಸ ಇನ್ನೂ ಕೆಟ್ಟದ್ದು. ಅವನ ಕೈ ಸಿಕ್ಸರಿಗೇ ಹಾತೊರೆಯುವ ಕೈ ಎಂಬುದು ಅವಳಿಗೂ ತಿಳಿದಿತ್ತೋ ಏನೋ, ಅವನನ್ನು ಎಬ್ಬಿಸಿ ನನ್ನನ್ನು ಕೂರಿಸಿದಳು. ನಾನು ಚೆಂಡನ್ನು ತಡೆದು ತಡೆದು ಆಡುವವಳು. ಅದಕ್ಕೇ ಅವನು ನನ್ನನ್ನು ಗೋಡೆ, ಕಟ್ಟೆ, ಬಂಡೆ ಎಂದೆಲ್ಲ ಆಡಿಕೊಳ್ಳುತ್ತಿದ್ದ. ಆ ದಿನ ಬಾಯಿ ಮುಚ್ಚಿಕೊಂಡು ಫ್ಯಾನ್ ಹಿಡಿದು ಕೂತ.

ಅಜ್ಜನನ್ನು ಕಾಪಾಡಿದೆ. ಬೆರಳು ಬೆವರಿ ಕೀಬೋರ್ಡಿನ ಮೇಲೆ ಜಾರುತ್ತಿತ್ತು. ಆದರೆ ಎದುರು ತುದಿಯಲ್ಲಿ ಒಬ್ಬೊಬ್ಬರೇ ಉದುರಿದರು. ಅತ್ತೆ ಹೋದರು, ಅಪ್ಪ ಹೋದ. ಎತ್ತು ಇಲ್ಲದ ರನ್ನಿಗೆ ಓಡಿ ಕೆಟ್ಟಿತು. ಕೊನೆಗೆ ಬಂದವಳು ಅಜ್ಜಿಯೇ.

ಪರದೆಯ ಮೇಲಿದ್ದ ತನ್ನ ಹೆಸರನ್ನು ಅಜ್ಜಿ ನಮ್ಮಿಂದ ಓದಿಸಿಕೊಂಡಳು. ಆಮೇಲೆ, ತಾನು ಔಟಾದರೆ ಆಗಲಿ, ಚಿಂತೆಯಿಲ್ಲ, ಅವರನ್ನು ಮಾತ್ರ ನೋಡಿಕೋ ಅಂದಳು. ಹಾಗಾಗುವುದಿಲ್ಲ, ನೀನೇ ಕೊನೆಯವಳು, ನೀನು ಔಟಾದರೆ ಆಟ ಮುಗಿದಂತೆ, ಇಬ್ಬರೂ ಒಟ್ಟಿಗೆ ಹೊರಗೆ ಬರಬೇಕು ಎಂದು ಮಾವನ ಮಗ ಬಿಡಿಸಿ ಹೇಳಿದ. ಅಜ್ಜಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಇಬ್ರೂ ಕೂಡೇ ಹೊಂಟ್ರ ಅಡ್ಡಿಯಿಲ್ಲ ಬಿಡು” ಅಂದಳು.

ಅಜ್ಜಿ ಬಹಳ ಹೊತ್ತು ನಿಲ್ಲಲಿಲ್ಲ. ಚೆಂಡು ಬಂತು, ಹಿಂದಿನ ಕಡ್ಡಿ ಹಾರಿತು. ಅಜ್ಜ, ಅಜ್ಜಿ ಒಂದೇ ಬಿಳಿ ಅಂಗಿ, ಒಂದೇ ಮುಖ ಹೊತ್ತು, ಅಕ್ಕಪಕ್ಕದಲ್ಲಿ ಮೈದಾನ ದಾಟಿ ನಡೆದರು. ಅಜ್ಜಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ನೋಡಿ ಮುಗಿಸಿ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಬೆಳಗಿನಿಂದ ಯಾರೂ ಉಂಡಿರಲಿಲ್ಲ.

ಒಗ್ಗರಣೆಯ ವಾಸನೆ ಬರುವ ಹೊತ್ತಿಗೆ ಫೋನ್ ಬಂತು. ಆಪರೇಷನ್ ಸುಸೂತ್ರವಾಗಿತ್ತು. ನಾನು ಜೋರಾಗಿ ಅತ್ತುಬಿಟ್ಟೆ. ಮುಂದೆ ಅಜ್ಜ ಮನೆಗೆ ಬಂದು, ಅಷ್ಟು ಹೊತ್ತು ನಿಂತೂ ತಾನು ಹೊಡೆದದ್ದು ಇಷ್ಟೇನಾ ಎಂದು ನನ್ನ ಮೇಲೆ ಮುನಿಸಿಕೊಂಡ. ಅಜ್ಜಿ ಒಳಗಿನಿಂದಲೇ ಸಾಕು ಸುಮ್ಮನಿರಿ ಅಂದಳು.

ಅಜ್ಜ ಆಮೇಲೆ ಬಹಳ ವರ್ಷ ಗದ್ದೆಗೆ ನೀರು ಕಟ್ಟಿದ. ಆ ಕಂಪ್ಯೂಟರ್ ಗುಜರಿಗೆ ಹೋಗಿ, ನಮಗೆಲ್ಲ ಮದುವೆಯಾಗಿ, ನಾನು ಆ ಮ್ಯಾಚನ್ನು ಮರೆತೇ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಚಹಾ ಕುಡಿದು ಮಲಗಿದ ಅಜ್ಜ ಏಳಲಿಲ್ಲ. ಸುದ್ದಿ ಕೇಳಿ ಸಿರುಗುಪ್ಪದಿಂದ ಬಂದಾಗ ಅಂಗಳದ ತುಂಬ ಜನ. ಗೋಡೆಗೆ ಒರಗಿ ಕೂತಿದ್ದ ಅಜ್ಜಿಯ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡು, ಯಾರಿಗೂ ಕೇಳಿಸದ ಹಾಗೆ ಅಂದಳು:

“ಅವತ್ತು ನೀ ನಮ್ಮಿಬ್ರನ್ನೂ ಕೂಡೇ ಕಳಿಸಿದ್ದಿ ಯವ್ವಾ. ಇವತ್ತು ನೋಡು, ನನಗ ಹೇಳದ ಒಬ್ರೇ ಎದ್ದು ನಡದ್ರು.”