ಅಲ್ಲಾಡಿದ ಕೈಗಳ ಪಟ

ನಮ್ಮ ಹೊಸಹಳ್ಳಿ ಇನ್ನೂ ಹಳ್ಳಿಯಾಗಿಯೇ ಇದ್ದ ದಿನಗಳವು. ಚಳಿ ಶುರುವಾಯಿತೆಂದರೆ ಅವರೆಕಾಯಿಯ ಸೊಗಡು ಜಗಲಿಯಲ್ಲಿ, ನಮ್ಮ ಲಂಗದಲ್ಲಿ, ಕೊನೆಗೆ ಶಾಲೆಯ ಪುಸ್ತಕದಲ್ಲೂ. ಬಿಡಿಸಿದ ಸಿಪ್ಪೆಯ ರಾಶಿಯ ಮೇಲೆ ಹಾರಿ ಬೀಳುವುದು ನಮ್ಮ ಆಟ. ದನಕ್ಕೆ ಹಾಕುವುದನ್ನು ತುಳಿಯುತ್ತೀರೆಂದು ಅಜ್ಜಿ ಬೈಯುತ್ತಿದ್ದಳು.

ಅಂಥ ಒಂದು ಚಳಿಗಾಲದಲ್ಲಿ ಚಿಕ್ಕಪ್ಪನಿಗೆ ಫೋಟೋ ಹುಚ್ಚು ಹಿಡಿಯಿತು. ಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟರು ಅವರು. ಬಿಸ್ಕತ್ತಿನ ಡಬ್ಬಿಯ ಒಳಗೆಲ್ಲ ಮಸಿ ಬಳಿದು, ಸೂಜಿಯಲ್ಲಿ ತೂತು ಮಾಡಿ, "ಇದೇ ಕ್ಯಾಮೆರಾ" ಎಂದರು.

"ಗಾಜೇ ಇಲ್ವಲ್ಲ ಚಿಕ್ಕಪ್ಪ?"

"ಬೆಳಕು ನೇರವಾಗಿ ಹೋಗುತ್ತೆ ಕಣೇ, ತೂತೊಂದಿದ್ರೆ ಸಾಕು. ಆದ್ರೆ ನಿಧಾನ. ಎದುರಿಗಿರೋರು ಅಲ್ಲಾಡ್ದೆ ಕೂತಿರ್ಬೇಕು."

ನನಗೆ ಬೇಕಾಗಿದ್ದದ್ದು ಅಜ್ಜಿಯ ಫೋಟೋ. ತಾತನದು ಒಂದೂ ಇರಲಿಲ್ಲ, ಅವರ ಮುಖ ನನಗೆ ಮರೆತೇಹೋಗಿತ್ತು. ಅಜ್ಜಿಯದೂ ಹಾಗಾದರೆ ಎಂಬ ಭಯ. ಆದರೆ ಊರಿನಲ್ಲಿ ಗೋಡೆಯ ಮೇಲಿದ್ದ ಪಟಗಳೆಲ್ಲ ಸತ್ತವರವು, ಹಾರ ಹಾಕಿದವು.

"ಅಲ್ಲಾಡ್ದಂಗೆ ಕೂತ್ಕಂಡ್ರೆ ಹೆಣ ಅಂತಾರೆ ಕಣ್ಲಾ. ಹಾರ ಹಾಕಕ್ಕೆ ಈಗ್ಲೇ ಅಣಿ ಮಾಡ್ತಿದೀಯಾ?" ಎಂದು ಅಜ್ಜಿ ಚಿಕ್ಕಪ್ಪನ ಮೇಲೆ ಹಾರಿಬಿದ್ದಳು.

ನಾನು ಮುಖ ಊದಿಸಿಕೊಂಡೆ. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ ಮುಂದಿದ್ದರೂ ಮುಟ್ಟಲಿಲ್ಲ. ಅಜ್ಜಿ ಸೋತಳು.

ಫೋಟೋ ಕಾಗದ ಉಳಿದಿದ್ದದ್ದು ಎರಡೇ ಹಾಳೆ. ಒಂದು ಡಬ್ಬಿಗೆ, ಇನ್ನೊಂದು ಅಚ್ಚು ತೆಗೆಯಲು. ತಪ್ಪಿದರೆ ಮುಗಿಯಿತು. ಅಜ್ಜಿ ಜಗಲಿಯ ಬಿಸಿಲಿನಲ್ಲಿ ಕಂಬಕ್ಕೆ ತಲೆಯಾನಿಸಿ, ಅವರೆಕಾಯಿಯ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಳು. ಚಿಕ್ಕಪ್ಪ ತೂತಿನ ಮುಚ್ಚಳ ತೆಗೆದರು. ಮುಖ ಕಲ್ಲಿನಂತೆ ನಿಂತಿತು, ಬೆರಳುಗಳು ಮಾತ್ರ ಕಾಯಿ ಬಿಡಿಸತೊಡಗಿದವು.

"ಅವ್ವಾ, ಕೈ! ಕೈ!"

"ಮೊಕ ನಿಂದು, ಕೈ ನಂದು. ನಾ ಇನ್ನೂ ಬದುಕಿವ್ನಿ ಕಣ್ಲಾ," ಎಂದಳು, ತುಟಿ ಅಲ್ಲಾಡಿಸದೆ!

ನನಗೆ ಅಳುವೇ ಬಂತು.

ಬಚ್ಚಲುಮನೆಯಲ್ಲಿ ಲಾಟೀನಿಗೆ ಕೆಂಪು ಕಾಗದ ಸುತ್ತಿ, ಹಾಳೆಯನ್ನು ಔಷಧಿಯ ನೀರಿನಲ್ಲಿ ಮುಳುಗಿಸಿದರು. ಮೊದಲು ಮೂಡಿದ್ದು ಕಪ್ಪು ಬಿಳುಪು ಅದಲುಬದಲಾದ ಚಿತ್ರ.

"ಅಯ್ ಶಿವ್ನೇ, ನನ್ ತಲೆ ಕರ್ರಗಾಗೈತೆ!" ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅದರಿಂದ ಅಚ್ಚು ತೆಗೆದಾಗ ಬೆಳ್ಳಿಕೂದಲು ಬಂತು. "ಇದು ನಂಗಿರ್ಲಿ, ಆ ಮುದುಕಿ ನಿಮಗಿರ್ಲಿ," ಎಂದು ಕಪ್ಪುಕೂದಲಿನದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಅಚ್ಚಿನಲ್ಲಿ ಮುಖದ ಒಂದೊಂದು ಸುಕ್ಕೂ ಸ್ಪಷ್ಟವಾಗಿತ್ತು. ಕೈಗಳಿದ್ದ ಕಡೆ ಮಾತ್ರ ಮೊರದ ಮೇಲೆ ತೆಳ್ಳನೆಯ ಹೊಗೆ. ಚಿಕ್ಕಪ್ಪ ಬಹಳ ಹೊತ್ತು ನೋಡಿದರು. "ಕೆಟ್ಟೋಯ್ತು ಅಂದ್ಕೊಂಡೆ ಕಣೇ. ನೋಡು, ಅವ್ವ ಕೆಲಸ ಮಾಡ್ತಿರೋದೇ ಬಂದಿದೆ!"

ಈಗ ಆ ಜಗಲಿಯಿಲ್ಲ, ಚಿಕ್ಕಪ್ಪನೂ ಇಲ್ಲ. ಅವರೆಕಾಯಿ ಬಿಡಿಸಿದ್ದೇ ಪೊಟ್ಟಣದಲ್ಲಿ ಬರುತ್ತದೆ, ಸೊಗಡಿಲ್ಲದೆ. ಮೊಮ್ಮಕ್ಕಳ ಫೋನಿನಲ್ಲಿ ನನ್ನ ಫೋಟೋಗಳಿಗೆ ಲೆಕ್ಕವಿಲ್ಲ, ಎಲ್ಲದರಲ್ಲೂ ಕೈಗಳು ಚೊಕ್ಕವಾಗಿ ಮಡಿಲಲ್ಲಿವೆ. ಅಜ್ಜಿ ಹೋದ ದಿನ ನೆಂಟರೊಬ್ಬರು ಆ ಪಟಕ್ಕೆಂದು ಸೇವಂತಿಗೆ ಹಾರ ತಂದಿದ್ದರು. ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಲೇ ತಡೆದರು: "ಬೇಡಿ, ಅವ್ವ ಇನ್ನೂ ಕಾಯಿ ಬಿಡಿಸ್ತಾ ಇದಾಳೆ."

ಅದಕ್ಕೆ ಇವತ್ತಿಗೂ ನಾವು ಹಾರ ಹಾಕಿಲ್ಲ.