ಲೀಡರ್ ಜಾರಿ ಬಿದ್ದ ತಿರುವು

ಅವನು ಬೀಳಬೇಕು ಎಂದು ನಾನು ಒಂದು ವರ್ಷ ಕಾದಿದ್ದೆ. ಅದು ತಪ್ಪು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನಾನು ಕಲಿತದ್ದು ಮೂರನೇ ಕ್ಲಾಸು. ಮನೆಯ ಮಾತು ತುಳು, ಬರೆಯಲಿಕ್ಕೆ ಬರುವುದು ಕನ್ನಡ, ಅದೂ ನಿಧಾನ. ಕ್ಷಮಿಸುವುದು ದೊಡ್ಡ ಗುಣ ಎಂದು ಮುಂದಿನ ಕ್ಲಾಸುಗಳಲ್ಲಿ ಕಲಿಸುತ್ತಿದ್ದರೋ ಏನೋ, ಅಷ್ಟು ದೂರ ನಾನು ಹೋಗಲಿಲ್ಲ.

ಅವನು ಅಂದರೆ ಮಣಿಪಾಲದಲ್ಲಿ ಸೈಕಲ್ ಅಂಗಡಿ ಇಟ್ಟವನು. ಭಾನುವಾರ ಬಂದರೆ ಹತ್ತು ಹದಿನೈದು ಜನರನ್ನು ಕಟ್ಟಿಕೊಂಡು ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಸೈಕಲ್ ಹೊಡೆಯುತ್ತಾನೆ. ವರ್ಷಕ್ಕೊಂದು ಸಲ, ಜನವರಿಯಲ್ಲಿ, ಅವರನ್ನು ಹಿಮಾಚಲದ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಹಿಮದ ರಸ್ತೆಯಲ್ಲಿ ಸೈಕಲ್ ತುಳಿಸುತ್ತಾನೆ. ಎಲ್ಲರೂ ಅವನನ್ನು ಲೀಡರ್ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ, ನನ್ನ ಬಾಯಲ್ಲಿ ಬರುವ ಬೇರೆ ಹೆಸರನ್ನು ಬರೆಯಲಿಕ್ಕಾಗುವುದಿಲ್ಲ.

ಆ ಗುಂಪಿನಲ್ಲಿ ನನ್ನ ಮೊಮ್ಮಗಳು ಇದ್ದಳು. ಕಾಪುವಿನಲ್ಲಿ ನಮ್ಮೊಟ್ಟಿಗೇ ಇರುವವಳು, ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ನಮ್ಮದು ಮೀನಿನ ಕುಟುಂಬ. ನನ್ನ ಗಂಡ ಕ್ಯಾರಿಯರ್ ಸೈಕಲ್ಲಿನಲ್ಲಿ ಮೀನಿನ ಪೆಟ್ಟಿಗೆ ಕಟ್ಟಿ ಹಿರಿಯಡ್ಕದವರೆಗೆ ತುಳಿಯುತ್ತಿದ್ದರು. ನಾನು ಮಲ್ಪೆಯಲ್ಲಿ ಬೋಟಿನಿಂದ ಮೀನು ಇಳಿಸುವ ದಕ್ಕೆಯಲ್ಲಿ ಬುಟ್ಟಿ ಹೊತ್ತವಳು. ಇವಳ ಕಾಲಿನ ಬಲ ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ.

ಮೊದಲ ಸಲ ಅವಳು ಹಿಮಾಚಲಕ್ಕೆ ಹೊರಟಾಗ ಸೈಕಲ್ಲಿಗೆ ಎಣ್ಣೆ ಬಿಟ್ಟದ್ದು ನಾನು. ಕಡಲ ಗಾಳಿಗೆ ಕಬ್ಬಿಣ ಎರಡು ದಿನದಲ್ಲಿ ತುಕ್ಕು ಹಿಡಿಯುತ್ತದೆ. ಗಂಡನ ಸೈಕಲ್ಲಿಗೆ ಮೂವತ್ತು ವರ್ಷ ನಾನೇ ತೆಂಗಿನೆಣ್ಣೆ ಬಿಡುತ್ತಿದ್ದೆ, ಚೈನಿಗೂ ಹಿಂದಿನ ಫ್ರೀವೀಲಿಗೂ. ಅದೇ ಕೈ, ಅದೇ ಎಣ್ಣೆ. ಅವಳು ಬ್ಯಾಗ್ ತುಂಬಿಸುತ್ತಿರುವಾಗ ಅಂಗಳದಲ್ಲಿ ಸೈಕಲ್ ಮಲಗಿಸಿ, ಫ್ರೀವೀಲಿನೊಳಗೆ ಇಳಿಯುವಷ್ಟು ಬಿಟ್ಟೆ.

ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗುವುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ. ನಮ್ಮಲ್ಲೂ ಡಿಸೆಂಬರಿನಲ್ಲಿ ಕೆಲವು ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ. ಗೊತ್ತಿತ್ತು. ಆ ದಿನ ತಲೆಗೆ ಹೋಗಲಿಲ್ಲ, ಅಷ್ಟೆ.

ಅಲ್ಲಿ ಒಂದು ತಿರುವು ಉಂಟು. ಬೆಟ್ಟದ ನೀರು ರಸ್ತೆಯ ಮೇಲೆ ಹರಿದು ಹಾಗೆಯೇ ಹೆಪ್ಪುಗಟ್ಟಿ ಗಾಜಿನ ಹಾಗೆ ನಿಲ್ಲುವುದು. ಏರು ಬೇರೆ. ಇವಳು ಅದರ ಅರ್ಧಕ್ಕೆ ಹತ್ತಿದಾಗ ಫ್ರೀವೀಲಿನೊಳಗಿನ ಎಣ್ಣೆ ಮೇಣವಾಗಿ, ಒಳಗಿನ ಹಲ್ಲು ಹಿಡಿಯದ ಹಾಗಾಯಿತು. ಪೆಡಲ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಖಾಲಿ ತುಳಿತ. ಸೈಕಲ್ ನಿಂತಿತು, ಹಿಂದೆ ಜಾರಿತು, ಇವಳು ಬಿದ್ದಳು. ಎದ್ದರೆ ಮತ್ತೆ ಬಿದ್ದಳು. ಮೂರು ಸಲ.

ಲೀಡರ್ ಎತ್ತಲಿಲ್ಲ. ಮೊಬೈಲ್ ಹಿಡಿದು ನಿಂತ. ಆ ವಿಡಿಯೋವನ್ನು ನಾನು ನೂರು ಸಲ ನೋಡಿದ್ದೇನೆ. ಅದರಲ್ಲಿ ಅವನ ನಗೆ ಕೇಳುತ್ತದೆ, ಮಾತೂ ಕೇಳುತ್ತದೆ: "ನೋಡಿ, ಕಾಪುವಿನ ಮೀನು! ಐಸಿನ ಮೇಲೆ ಎಷ್ಟು ಚೆಂದ ಮಲಗಿದೆ ನೋಡಿ!" ಅವಳು ಮನೆಗೆ ಮುಟ್ಟುವ ಮೊದಲೇ ಆ ವಿಡಿಯೋ ಪಡುಬಿದ್ರಿಯಿಂದ ಕಲ್ಯಾಣಪುರದವರೆಗೆ ಎಲ್ಲರ ಮೊಬೈಲಿನಲ್ಲಿ ಇತ್ತು. ಮಾರ್ಕೆಟ್ಟಿನಲ್ಲಿ ಒಬ್ಬಳು ನನ್ನ ಮುಖದ ಮುಂದೆಯೇ ಹಿಡಿದಳು. "ಅಕ್ಕಾ, ಇದು ನಿಮ್ಮ ಪುಳ್ಳಿ ಅಲ್ವಾ?" ಪುಳ್ಳಿ ಅಂದರೆ ನಮ್ಮಲ್ಲಿ ಮೊಮ್ಮಗಳು.

ಅವನ ಅಂಗಡಿಯಲ್ಲಿ ಫ್ರೀವೀಲ್ ಬಿಚ್ಚಿದಾಗ ಎಣ್ಣೆ ಹೊರಗೆ ಬಂತಂತೆ. ಎಲ್ಲರ ಎದುರಿಗೆ ಮೂಸಿ ನೋಡಿ ಕೇಳಿದನಂತೆ, "ಇದು ಯಾರ ಕೆಲಸ? ಸೈಕಲ್ಲನ್ನು ಹುರಿದು ತಿನ್ನಲಿಕ್ಕೆ ಉಂಟಾ?" ಮೊಮ್ಮಗಳು "ನಾನೇ ಹಾಕಿದ್ದು" ಎಂದಳಂತೆ. ಇದನ್ನು ನನಗೆ ಹೇಳಿದ್ದು ಅವಳ ಗೆಳತಿ. ಮೊಮ್ಮಗಳು ಹೇಳಲಿಲ್ಲ. ಸೈಕಲ್ಲನ್ನು ತಂದು ಬಲೆ ಇಡುವ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದಳು. ಬಸ್ಸಿನಲ್ಲಿ ಕೆಲಸಕ್ಕೆ ಹೋಗಲು ಸುರು ಮಾಡಿದಳು. ಊಟ ಮಾಡುತ್ತಿದ್ದಳು, ಮಾತಾಡುತ್ತಿದ್ದಳು, ಎಲ್ಲ ಸರಿ. ಆದರೆ ಕಾಪುವಿನ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಅಂಗಡಿಯ ಹಿಂದೆ ನಿಲ್ಲುತ್ತಿದ್ದಳು, ಬಸ್ಸು ಬಂದ ಮೇಲೆ ಓಡುತ್ತಿದ್ದಳು. ಅದನ್ನು ನಾನು ನೋಡಿದೆ.

ಅತ್ತುಕೊಂಡು ಕೂರುವುದು ನನ್ನಿಂದ ಆಗುವುದಿಲ್ಲ. ನಾನು ಯೋಚಿಸಿದ್ದು ಒಂದೇ. ಅದೇ ತಿರುವಿನಲ್ಲಿ ಇವಳು ಸೈಕಲ್ಲಿನ ಮೇಲೆ ಕೂತು ದಾಟಬೇಕು, ಅವನು ಬೀಳಬೇಕು. ಎರಡೂ ಆಗಬೇಕು.

ಐಸಿನ ಮೇಲೆ ನಡೆಯುವುದು ನಮಗೆ ಹೊಸತಲ್ಲ. ದಕ್ಕೆಯಲ್ಲಿ ಐಸಿನ ಹುಡಿ ಬಿದ್ದು ನೆಲ ಜಾರುತ್ತದೆ, ತಲೆಯ ಮೇಲೆ ಬುಟ್ಟಿ ಇರುತ್ತದೆ. ನಾವು ಹೆಂಗಸರು ಚಪ್ಪಲಿಗೆ ಹುರಿಹಗ್ಗ ಸುತ್ತಿಕೊಳ್ಳುತ್ತಿದ್ದೆವು. ತೆಂಗಿನ ನಾರಿನ ಹಗ್ಗಕ್ಕೆ ರೋಮ ಉಂಟು, ಅದು ಐಸನ್ನು ಕಚ್ಚಿ ಹಿಡಿಯುತ್ತದೆ. ಪ್ಲಾಸ್ಟಿಕ್ ಹಗ್ಗ ಜಾರುತ್ತದೆ. ಚಪ್ಪಲಿಗೆ ಆಗುವುದು ಟಯರಿಗೆ ಯಾಕೆ ಆಗಬಾರದು?

ಒಂದು ಮಧ್ಯಾಹ್ನ ಸೈಕಲ್ ಕೆಳಗಿಳಿಸಿದೆ. ಇವಳ ಸೈಕಲ್ಲಿನ ಬ್ರೇಕು ರಿಮ್ಮನ್ನು ಹಿಡಿಯುವುದಲ್ಲ, ಚಕ್ರದ ನಡುವೆ ಒಂದು ತಟ್ಟೆ ಉಂಟು, ಅದನ್ನು ಹಿಡಿಯುವುದು. ಹಾಗಾಗಿ ಟಯರು, ರಿಮ್ಮು ಎರಡನ್ನೂ ಸೇರಿಸಿ ಹಗ್ಗ ಕಟ್ಟಬಹುದು. ಕಡ್ಡಿ ಕಡ್ಡಿಯ ನಡುವೆ ಒಂದು ಸುತ್ತು, ಒಂದು ಗಂಟು. ಗಂಟು ಬದಿಗೆ ಬರಬೇಕು, ನೆಲಕ್ಕೆ ತಾಗಬಾರದು. ಒಂದು ಚಕ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡಿದಳು. "ಎಂತ ಮಾಡ್ತಾ ಇದ್ದೀರಿ ಅಜ್ಜಿ?"

"ನಿನ್ನ ಸೈಕಲ್ಲಿಗೆ ಚಪ್ಪಲಿ."

"ನಾನು ಇನ್ನು ಆ ಬೆಟ್ಟಕ್ಕೆ ಹೋಗುವುದಿಲ್ಲ."

"ಬೆಟ್ಟಕ್ಕೆ ಬೇಡ. ಮಲ್ಪೆಗೆ ಬಾ."

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನನಗೆ ಹಳೆಯ ಪರಿಚಯ. ಅಲ್ಲಿನವರಿಗೆ ಹೇಳಿ ಐಸಿನ ದೊಡ್ಡ ಹಲಗೆಗಳನ್ನು ಸಾಲಾಗಿ ನೆಲಕ್ಕೆ ಹಾಸಿಸಿದೆ, ಎಂಟು. ಕೆಲಸದವರು ಕೈಕಟ್ಟಿ ಸುತ್ತ ನಿಂತರು. ಒಬ್ಬ ಕೇಳಿದ, "ಅಜ್ಜೀ, ಇದು ಯಾವ ಸರ್ಕಸ್ಸು? ಟಿಕೆಟ್ ಉಂಟಾ?"

"ನಿನಗೆ ಫ್ರೀ. ಬಾಯಿ ಮುಚ್ಚಿ ನೋಡು."

ಮೊದಲು ಹಗ್ಗ ಇಲ್ಲದ ಬೇರೆ ಸೈಕಲ್ ಹತ್ತಿಸಿದೆ. ಎರಡನೇ ಹಲಗೆಯಲ್ಲಿ ಜಾರಿತು, ಇವಳು ನೆಲಕ್ಕೆ ಕಾಲು ಕೊಟ್ಟು ನಿಂತಳು. ಆಮೇಲೆ ಹಗ್ಗದ್ದು. ಎಂಟು ಹಲಗೆಯ ಮೇಲೆ ಕರಕರ ಶಬ್ದ ಮಾಡಿಕೊಂಡು ಆಚೆಗೆ ಹೋಯಿತು. ಅವಳು ತಿರುಗಿಸಿಕೊಂಡು ಬಂದಳು. ಪುನಃ ಹೋದಳು. ಹೇಳದೆಯೇ ಏಳೆಂಟು ಸಲ. ಐಸ್ ಹುಡಿಯಾಗಿ, ಪ್ಲಾಂಟಿನ ಮೇಸ್ತ್ರಿ "ಸಾಕು ಮಾರಾಯ್ತಿ, ಮಾರಲಿಕ್ಕೆ ಇರಲಿ" ಎಂದ ಮೇಲೆ ನಿಂತಳು.

ಮನೆಗೆ ಬರುವ ದಾರಿಯಲ್ಲಿ ಹೇಳಿದಳು, "ದಾಟಲಿಕ್ಕೆ ಹೋಗುತ್ತೇನೆ. ಅವನಿಗೋಸ್ಕರ ಅಲ್ಲ."

"ಅವನದ್ದು ನಾನು ನೋಡಿಕೊಳ್ಳುತ್ತೇನೆ" ಎಂದೆ.

ಮುಂದಿನ ಜನವರಿಯಲ್ಲಿ ಆ ಗುಂಪಿನೊಟ್ಟಿಗೆ ನಾನು ಹೇಗೆ ಹೋದೆ ಎಂದರೆ ಅಡುಗೆಯವಳಾಗಿ. ಅವರ ಹಿಂದೆ ಸಾಮಾನು ಹೊತ್ತು ಒಂದು ಜೀಪು ಬರುತ್ತದೆ. ಹಿಂದಿನ ವರ್ಷ ಆಲೂಗಡ್ಡೆ, ರೊಟ್ಟಿ ತಿಂದು ಎಲ್ಲರ ಹೊಟ್ಟೆ ಕೆಟ್ಟಿತ್ತು. ಈ ಸಲ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಸಿಗುತ್ತದೆ ಎಂದಾಗ ಲೀಡರಿನ ಬಾಯಲ್ಲೂ ನೀರು. "ಬನ್ನಿ ಅಜ್ಜಿ, ಬನ್ನಿ. ಎಣ್ಣೆ ಮಾತ್ರ ತರಬೇಡಿ" ಎಂದು ನಕ್ಕ. ನಾನೂ ನಕ್ಕೆ.

ಅಲ್ಲಿ ಎತ್ತರದಲ್ಲಿ ಕುಚ್ಚಲಕ್ಕಿ ಬೇಯುವುದೇ ಇಲ್ಲ, ಕುಕ್ಕರ್ ಹದಿನಾರು ವಿಷಲ್ ಹಾಕಬೇಕು. ಬೇಯಿಸಿದೆ. ಅವನಿಗೂ ಎಲ್ಲರಷ್ಟೇ ಬಡಿಸಿದೆ. ಅನ್ನಕ್ಕೆ ಏನಾದರೂ ಹಾಕುವ ಜಾತಿಯವಳು ನಾನಲ್ಲ. ನನ್ನ ಸಿಟ್ಟಿಗೆ ಅಷ್ಟು ಮರ್ಯಾದೆ ಉಂಟು.

ಹಿಮದ ಬಗ್ಗೆ ಜನ ಏನೇನೋ ಹೇಳುತ್ತಾರೆ. ನನಗೆ ಕಂಡದ್ದು ಮೀನಿಲ್ಲದ ಐಸು. ವಾಸನೆಯೂ ಇಲ್ಲ. ಬೆರಳ ಸಂದಿ ಒಡೆಯಿತು, ಮೂಗಿನ ತುದಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ತಿರುವು ಬಂತು. ವಿಡಿಯೋದಲ್ಲಿ ನೋಡಿ ನೋಡಿ ನನಗೆ ಅದರ ಒಂದೊಂದು ಕಲ್ಲಿನ ಗುರುತು ಇತ್ತು. ಇಪ್ಪತ್ತು ಹೆಜ್ಜೆ ಉದ್ದದ ಗಾಜು. ಒಂದು ಬದಿ ಬಂಡೆ, ಒಂದು ಬದಿ ಕೆಳಗೆ ಹಿಮದ ರಾಶಿ. ಉಳಿದವರು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋದರು. ಮೊಮ್ಮಗಳು ಹಿಂದಿನ ದಿನವೇ ಹಗ್ಗ ಸುತ್ತಿಕೊಂಡಿದ್ದಳು.

ಲೀಡರ್ ಅದನ್ನು ನೋಡಿ, "ಇದೆಂತ? ದನ ಕಟ್ಟುವ ಹಗ್ಗವಾ?" ಎಂದ. ಯಾರೂ ನಗಲಿಲ್ಲ. ಅವನೇ ನಕ್ಕ. ಮತ್ತೆ ಹೇಳಿದ, "ನೀನು ಮುಂದೆ ಹೋಗು. ನಾನು ಹಿಂದೆಯೇ ಬರುತ್ತೇನೆ." ಅವನ ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಇತ್ತು. ಅದರ ಕೆಂಪು ದೀಪ ಹತ್ತಿತು. ಯಾಕೆ ಹಿಂದೆ ಬರುವುದು ಎಂದು ನನಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ನಾನು ಜೀಪಿನಿಂದ ಇಳಿದು ಮೊಬೈಲ್ ತೆಗೆದೆ. ಒಂದು ತಿಂಗಳು ನೆರೆಮನೆಯ ಕೋಳಿಗಳ ವಿಡಿಯೋ ತೆಗೆದು ಅಭ್ಯಾಸ ಮಾಡಿದ್ದೆ. ಕೈಗವಸು ಹಲ್ಲಿನಲ್ಲಿ ಕಚ್ಚಿ ಎಳೆದೆ. ಅವನ ಮುಖ ಮಧ್ಯಕ್ಕೆ ಬರುವ ಹಾಗೆ ಹಿಡಿದೆ.

ಅವಳು ಹೊರಟಳು. ಕರಕರ ಶಬ್ದ ಕೇಳಿತು. ಅವನು ಹಿಂದೆ ಹೊರಟ. ಅವನ ಕಣ್ಣು ಅವಳ ಚಕ್ರದ ಮೇಲೆ, ತನ್ನ ಚಕ್ರದ ಮೇಲಲ್ಲ. ಆರು ಹೆಜ್ಜೆ ಹೋಗಿರಬಹುದು. ಮುಂದಿನ ಚಕ್ರ ಎಡಕ್ಕೆ ಹೋಯಿತು, ಅವನು ಬಲಕ್ಕೆ ಹೋದ. ಬೆನ್ನ ಮೇಲೆ ಬಿದ್ದು, ಐಸ್ ಪ್ಲಾಂಟಿನಲ್ಲಿ ಹಲಗೆ ತಳ್ಳಿದ ಹಾಗೆ ಸುಯ್ ಎಂದು ಜಾರಿ, ಹಿಮದ ರಾಶಿಗೆ ತಲೆ ಕೊಟ್ಟು ನಿಂತ. ಎರಡು ಕಾಲು ಮೇಲೆ. ಪ್ಯಾಂಟು ಹಿಂದಿನಿಂದ ಪೂರ್ತಿ ಹರಿದಿತ್ತು. ಆಚೆಯಿಂದ ಯಾರೋ ನಗೆ ತಡೆದು ಕೆಮ್ಮಿದರು, ಮತ್ತೆ ಎಲ್ಲರೂ ನಕ್ಕರು. ನನಗೆ ಆದ ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ.

ಎದ್ದ, ಮತ್ತೆ ಬಿದ್ದ. ನನ್ನ ಹತ್ತಿರಕ್ಕೆ ಅಂಬೆಗಾಲಿಟ್ಟು ಬಂದ. "ಅಜ್ಜೀ, ಹಗ್ಗ ಇನ್ನೂ ಉಂಟಾ?"

"ಉಂಟು."

"ಸ್ವಲ್ಪ ಕೊಡಿ."

"ಕೊಡುವುದಿಲ್ಲ."

ಅವನಿಗೆ ನಂಬಿಕೆ ಬರಲಿಲ್ಲ. ನನ್ನ ಮುಖ ನೋಡಿದ. ಸೈಕಲ್ಲನ್ನು ಜೀಪಿನ ಮೇಲೆ ಏರಿಸಿ ನನ್ನ ಪಕ್ಕದಲ್ಲಿ ಪಾತ್ರೆಗಳ ನಡುವೆ ಕೂತ. ಕುಕ್ಕರ್ ಅವನ ತೊಡೆಯ ಮೇಲೆ. ಜೀಪಿನವನಿಗೆ ಕನ್ನಡ ಬರುವುದಿಲ್ಲ, ಆದರೂ ಅವನು ಕನ್ನಡಿಯಲ್ಲಿ ನೋಡುತ್ತಿದ್ದ.

ಸ್ವಲ್ಪ ದೂರ ಹೋದ ಮೇಲೆ ಲೀಡರ್ ಸಣ್ಣ ಸ್ವರದಲ್ಲಿ ಕೇಳಿದ, "ಅಜ್ಜಿ, ವಿಡಿಯೋ ತೆಗೆದಿರಾ?"

"ಹೌದು."

"ಅಳಿಸಿಬಿಡಿ, ಆಯ್ತಾ?"

"ನಿನ್ನದು ಅಳಿಸಿದೆಯಾ?"

"ಅದು ತಮಾಷೆಗೆ ಮಾಡಿದ್ದು ಅಜ್ಜಿ."

"ಇದೂ ತಮಾಷೆಯೇ."

ಅವನು ಮೊಬೈಲ್ ತೆಗೆದ. ಹೋದ ವರ್ಷದ ವಿಡಿಯೋ ತೋರಿಸಿ, ನನ್ನ ಎದುರಿಗೆ ಅಳಿಸಿದ. "ನೋಡಿ, ಹೋಯಿತು. ಈಗ ನಿಮ್ಮದು."

ನಾನು ಕಿಟಕಿಯ ಹೊರಗೆ ನೋಡಿದೆ. ನಾನು ಮಾತು ಕೊಟ್ಟಿರಲಿಲ್ಲ. ಮಧ್ಯಾಹ್ನ ಕೆಳಗಿನ ಊರಿಗೆ ಇಳಿದು ನೆಟ್‌ವರ್ಕ್ ಸಿಕ್ಕಿದ ಕೂಡಲೇ ಕಾಪುವಿನ ಮೀನು ಮಾರ್ಕೆಟ್ಟಿನ ಗ್ರೂಪಿಗೆ ಕಳಿಸಿದೆ. ನಾವು ಚಹಾ ಕುಡಿದು ಮುಗಿಸುವಾಗ ಅದು ಕಾರ್ಕಳ ಮುಟ್ಟಿತ್ತು. ಅಲ್ಲಿಂದ ಯಾರೋ ಲೀಡರಿಗೇ ಕಳಿಸಿದರು. ಅವನು ಗ್ಲಾಸ್ ಕೆಳಗಿಟ್ಟು ಎದ್ದು ಹೋದ. ಆ ದಿನ ಗಂಜಿಗೂ ಬರಲಿಲ್ಲ.

ಮೊಮ್ಮಗಳು ಬಂದು ನನ್ನ ಪಕ್ಕ ಕೂತಳು. ಮುಖ ಚಳಿಗೆ ಕೆಂಪಾಗಿತ್ತು. ಹೋದ ವರ್ಷದ ನಂತರ ಆ ಮುಖದಲ್ಲಿ ಅಷ್ಟು ಬೆಳಕು ನಾನು ಕಂಡಿರಲಿಲ್ಲ. "ವಿಡಿಯೋ ತೋರಿಸಿ ಅಜ್ಜಿ."

ಕೊಟ್ಟೆ. ಒಂದು ಸಲ ನೋಡಿದಳು. ನಗಲಿಲ್ಲ. ಸುರುವಿನಿಂದ ಇನ್ನೊಂದು ಸಲ ನೋಡಿದಳು. ಮೂರನೇ ಸಲ ಬೆರಳಿಟ್ಟು ನಿಲ್ಲಿಸಿದಳು. ಚಿತ್ರದ ಅಂಚಿನಲ್ಲಿ ಹಗ್ಗ ಸುತ್ತಿದ ಹಿಂದಿನ ಚಕ್ರ, ಅದೂ ಅರ್ಧ. ಉಳಿದದ್ದೆಲ್ಲ ಅವನೇ.

"ನಾನು ದಾಟಿದ್ದು ಎಲ್ಲುಂಟು?"

ನಾನು ಖಾಲಿ ಗ್ಲಾಸುಗಳನ್ನು ಒಟ್ಟು ಮಾಡಿದೆ.

"ಇದರಲ್ಲಿ ಇಲ್ಲದಿದ್ದರೆ ಪರವಾಗಿಲ್ಲ. ನೀವು ನೋಡಿದಿರಲ್ಲ?"

"ನೋಡಿದೆ ಮಗಾ. ಚೆಂದ ದಾಟಿದೆ."

"ಮಧ್ಯದಲ್ಲಿ ಒಂದು ಸಲ ನೆಲಕ್ಕೆ ಕಾಲು ಕೊಟ್ಟದ್ದು ನೋಡಿದಿರಾ?"

"ನೋಡಿದೆ. ಅದೆಂತ ದೊಡ್ಡದಲ್ಲ."

ಅವಳು ಮೊಬೈಲನ್ನು ನನ್ನ ಮಡಿಲಲ್ಲಿಟ್ಟಳು. "ನಾನು ಕಾಲು ಕೊಡಲಿಲ್ಲ ಅಜ್ಜಿ" ಎಂದಳು.

ಲೀಡರ್ ಬಿದ್ದದ್ದಕ್ಕೆ ನನಗೆ ಬೇಸರ ಇಲ್ಲ, ಕಳಿಸಿದ್ದಕ್ಕೂ ಇಲ್ಲ. ಇನ್ನೊಮ್ಮೆ ಬಿದ್ದರೆ ಇನ್ನೊಮ್ಮೆ ಕಳಿಸುತ್ತೇನೆ. ಊರಿನಲ್ಲಿ ಈಗ ಅವನ ಪ್ಯಾಂಟಿನ ಮಾತೇ ಮಾತು. ಇವಳು ಆ ತಿರುವನ್ನು ಸೈಕಲ್ಲಿನ ಮೇಲೆ ದಾಟಿದ್ದು ಹತ್ತು ಜನರಿಗೂ ಗೊತ್ತಿಲ್ಲ. ಕೆಲವೊಮ್ಮೆ ಗೆಳತಿ ಬಂದಾಗ ಜಗಲಿಯಲ್ಲಿ ಕೂತು ಅದನ್ನು ಹೇಳುತ್ತಾಳೆ, ಎಲ್ಲಿ ಹಗ್ಗ ಕಚ್ಚಿತು, ಎಲ್ಲಿ ಉಸಿರು ಕಟ್ಟಿತು ಎಂದು. ನಾನು ಒಳಗೆ ಮೀನು ಹೆಚ್ಚುತ್ತಾ ಕೇಳುತ್ತೇನೆ. ನಾನು ಹೊರಗೆ ಬಂದರೆ ಬೇರೆ ಮಾತು ತೆಗೆಯುತ್ತಾಳೆ.